ಅಣ್ಣನ ಹೆಸರಿನ ಫೋಲ್ಡರ್

ನಿಟ್ಟೆ
14 ಸೆಪ್ಟೆಂಬರ್ 2025

ಪ್ರೀತಿಯ ಮಮ್ಮಿ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತಾ? ಕುವೈಟಿನ ಸೆಖೆಯಲ್ಲಿ ಸರಿಯಾಗಿ ನೀರು ಕುಡಿ. ಸಂತೆಕಟ್ಟೆಯಲ್ಲಿ ಅಜ್ಜಿ ಆರಾಮವಾಗಿದ್ದಾರೆ. ಮಂಡಿಯನ್ನು ಬಯ್ಯುತ್ತಲೇ ಚರ್ಚಿಗೆ ಬೆಳಗಿನ ಪೂಜೆಗೆ ಹೋಗುತ್ತಾರೆ. ಅಣ್ಣ ತೀರಿಕೊಂಡ ಮೇಲಿನ ಮೊದಲ ಮೊಂತಿ ಹಬ್ಬವಲ್ಲವಾ, ಚರ್ಚಿನಿಂದ ತೆನೆ ತಂದು ಹೊಸ ಅಕ್ಕಿಯ ಪಾಯಸ ಬಡಿಸುವಾಗ ಅಜ್ಜಿ ಅಭ್ಯಾಸಬಲದಿಂದ ಅವನಿಗೂ ಒಂದು ಬಟ್ಟಲು ಇಟ್ಟುಬಿಟ್ಟರು. ಆಮೇಲೆ ಆ ಬಟ್ಟಲನ್ನು ನಾನೇ ಒಳಗೆ ತೆಗೆದಿಟ್ಟೆ. ಅಜ್ಜಿಯ ಪಕ್ಕದ ಮನೆಯ ಝೀಟಾ ಬಾಯಿ ನಾಡಿದ್ದು ಕುವೈಟಿಗೆ ಹೊರಡುತ್ತಾರೆ. ಹಬ್ಬದ ತೆನೆಯಲ್ಲಿ ನಿನ್ನ ಪಾಲನ್ನು ಈ ಕಾಗದದ ಜೊತೆ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಕಾಲೇಜಿನಲ್ಲಿ ಸಿ ಭಾಷೆಯ ಪಾಠ ಶುರುವಾಗಿದೆ. ನಾವು ಬರೆದದ್ದನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡಿಕೊಡಲು ಕಂಪೈಲರ್ ಬೇಕು. ಯಾವುದನ್ನು ಹಾಕಿಕೊಳ್ಳುವುದೆಂದು ಹಾಸ್ಟೆಲಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಇಂಟರ್ನೆಟ್ಟಿನಲ್ಲೇ ನಡೆಯುವಂಥದ್ದು ಸುಲಭ, ಆದರೆ ಇಲ್ಲಿನ ವೈಫೈಯನ್ನು ನಂಬಿ ಕೂತರೆ ಮುಗಿಯಿತು ಕಥೆ. ಕೊನೆಗೆ ಪುಕ್ಕಟೆ ಸಿಗುವ ಜಿಸಿಸಿ ಎಂಬ ಕಂಪೈಲರನ್ನು ಅಣ್ಣನ ಲ್ಯಾಪ್‌ಟಾಪಿಗೆ ಹಾಕಿದೆ. ಹಾಕಿದ್ದೇನೋ ಹಾಕಿದೆ, ನನ್ನ ಪುಟ್ಟ ಪ್ರೋಗ್ರಾಮ್ ಓಡಲು ಒಪ್ಪಲಿಲ್ಲ. ಫೈಲೇ ಕಾಣುವುದಿಲ್ಲ ಎಂದು ಹಟ ಹಿಡಿಯಿತು. ನನ್ನ ರೂಮಿನ ಅಕ್ಷಿತಾ ಕಾರಣ ಹುಡುಕಿದಳು. ಅಣ್ಣ ತನ್ನ ಖಾತೆಗೆ ಜಂಬದಿಂದ ಕನ್ನಡದಲ್ಲೇ ‘ಜೋಯ್‌ಸ್ಟನ್’ ಎಂದು ಹೆಸರಿಟ್ಟಿದ್ದನಲ್ಲ, ನಾನು ಬರೆದದ್ದೆಲ್ಲ ಆ ಹೆಸರಿನ ಫೋಲ್ಡರಿನೊಳಗೇ ಉಳಿಯುತ್ತದೆ. ಈ ಕಂಪೈಲರಿಗೆ ಆ ಅಕ್ಷರ ಹಿಡಿಸುವುದಿಲ್ಲ. “ಎಂತ ಮಾರಾಯ್ತಿ, ಅದನ್ನು ಅಳಿಸಿ ನಿನ್ನ ಹೆಸರಿನದ್ದು ಮಾಡಿದರೆ ಆಯ್ತಲ್ವಾ” ಎಂದಳು. ಅವಳಿಗೆ ಅಣ್ಣನ ವಿಷಯ ನಾನಿನ್ನೂ ಹೇಳಿಲ್ಲ. ಬಟ್ಟೆ ಒಗೆಯುವ ನೆಪ ಮಾಡಿ ಹೋಗಿ ಅತ್ತೆ.

ಅದರಲ್ಲಿ ಏನನ್ನೂ ಅಳಿಸಬೇಡ ಎಂದು ನೀನು ಹೇಳಿದ್ದು ನೆನಪಿದೆ. ಅಳಿಸಿಲ್ಲ. ನನಗೆಂದು ಬೇರೆ ಖಾತೆ ಮಾಡಿಕೊಂಡೆ, ಇಂಗ್ಲಿಷ್ ಅಕ್ಷರದಲ್ಲಿ. ಪ್ರೋಗ್ರಾಮ್ ಓಡಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇಂಥದ್ದನ್ನೆಲ್ಲ ಅವನೇ ಕೂತು ಮಾಡಿಕೊಡುತ್ತಿದ್ದ, ನನ್ನನ್ನು ಪೆದ್ದಿ ಎನ್ನುತ್ತಾ.

ನಿನ್ನ ಜೀವಕ್ಕೆ ದೇವರು ಬಲ ಕೊಡಲಿ. ಅಜ್ಜಿ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ ಮಗಳು,
ಕ್ಯಾರೆನ್

ತಾ.ಕ.: ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ. ಪ್ರತಿ ಶುಕ್ರವಾರ ವಿಡಿಯೋ ಕಾಲ್ ಮಾಡಿ, ಲ್ಯಾಪ್‌ಟಾಪ್ ತೆರೆದು ಅವನ ಫೋಟೋ ತೋರಿಸು ಎನ್ನುತ್ತೀ. ನೋಡುತ್ತೀ, ಅಳುತ್ತೀ, ಫೋನ್ ಇಡುತ್ತೀ. ಊಟ ಮಾಡಿದೆಯಾ ಎಂದು ನನ್ನನ್ನು ಕೇಳದೆ ಬಹಳ ಕಾಲವಾಯಿತು. ನನಗೂ ಅವನಿಲ್ಲ, ಮಮ್ಮಿ. ಈ ಶುಕ್ರವಾರ ಮೊದಲು ನನ್ನ ಮುಖ ನೋಡು. ಆಮೇಲೆ ಅವನದನ್ನು ತೋರಿಸುತ್ತೇನೆ.