ಆರಾಮ ಅದಾಳ್ರಿ

ಬಬಲೇಶ್ವರ
೧೦ ಫೆಬ್ರುವರಿ ೨೦೨೫, ಸೋಮವಾರ

ಪ್ರೀತಿಯ ನಂದಾ,

ನಾವೆಲ್ಲ ಇಲ್ಲಿ ಆರಾಮ. ನೀನೂ ಮನೆಯವರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನನ್ನೂ ಎತ್ತಲಿಲ್ಲವೆಂದು ನಿನಗೆ ಸಿಟ್ಟು ಬಂದಿರಬೇಕು. ನನಗಂತೂ ಫೋನಿನ ಮೇಲೇ ಸಿಟ್ಟು, ಅದನ್ನೇ ಬರೆಯಲು ಕೂತಿದ್ದೇನೆ.

ಹಾಸ್ಟೆಲ್ಲಿನಲ್ಲಿ ನನ್ನ ಪಾಲಿನ ರೊಟ್ಟಿಯನ್ನೂ ತಿಂದು ನರ್ಸಿಂಗ್ ಓದಿದ ನಂದಾ ಈಗ ಬೆಂಗಳೂರಿನಲ್ಲಿ ಆರೋಗ್ಯ ನೀತಿಯ ಸಮಿತಿಯಲ್ಲಿ ಕೂರುತ್ತಾಳೆ ಅಂತ ತೊರವಿ ಆರೋಗ್ಯ ಕೇಂದ್ರದ ನರ್ಸ್ ಹುಡುಗಿಯರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆ ಸಮಿತಿಯಲ್ಲಿರುವ ಒಬ್ಬಳೇ ನರ್ಸು ನೀನು. ಬರುವ ತಿಂಗಳು ನೀವು ಸಹಿ ಹಾಕಲಿರುವ ನಿಯಮ ನಮ್ಮ ತಿಕೋಟಾ, ಬಬಲೇಶ್ವರದ ಕಡೆ ಪ್ರಯೋಗವೆಂದು ಆಗಲೇ ನಡೆದಿದೆ. ಬಸುರಿಯರ ನೋಂದಣಿ ಕಡಿಮೆ ಇರುವ ಊರಿನ ಸಿಸ್ಟರನ್ನು ಬೇರೆ ಕಡೆಗೆ ಕಳಿಸುವುದು. ಮನೆ ಭೇಟಿಯ ಬದಲು ಬೆಂಗಳೂರಿನಿಂದ ವಾರಕ್ಕೊಮ್ಮೆ ಫೋನು. "ಗರ್ಭಿಣಿ ಹೇಗಿದ್ದಾರೆ?" ಅಂತ ಕೇಳಿ, ಚೆನ್ನಾಗಿದ್ದಾರೆ ಅಂದರೆ ಹಸಿರು ಗುರುತು ಹಾಕಿಬಿಡುವುದು.

ಅಲ್ಲ ನಂದಾ, ನೀನು ಈ ನೆಲದವಳು. ಚೊಚ್ಚಲ ಬಸುರಿ ಗಂಡನ ಊರಿನಲ್ಲಿ ಹೆಸರು ಬರೆಸಿ, ಕುಬಸದ ಶಾಸ್ತ್ರ ಮುಗಿದ ಮೇಲೆ ಹೆರಿಗೆಗೆಂದು ತವರಿಗೆ ಹೋಗುತ್ತಾಳೆ. ಹೆಸರು ಒಂದೂರಲ್ಲಿ, ಹೊಟ್ಟೆ ಇನ್ನೊಂದೂರಲ್ಲಿ. ಫೋನು ಬರುವುದು ಗಂಡನಿಗೆ. ಇನ್ನು ನಮ್ಮ ಮಂದಿಯ ರೀತಿ ನಿನಗೆ ಗೊತ್ತೇ ಇದೆ. ಹೇಗಿದ್ದೀರಿ ಅಂದರೆ ಜ್ವರದಲ್ಲಿ ನಡುಗುತ್ತಿದ್ದರೂ ಮೊದಲು "ಆರಾಮ ಅದೀವ್ರಿ" ಅನ್ನುತ್ತೇವೆ. ಬಂದವರು ಕೂತು, ನೀರು ಕುಡಿದು, ಚಹಾ ಮುಗಿಸಿದ ಮೇಲೆ "ಅಂದಂಗ ಅಕ್ಕಾರ, ಕಾಲಿಗಿ ಸ್ವಲ್ಪ ಬಾವು ಬಂದೈತ್ರಿ" ಅಂತ ನಿಜ ಹೊರಬೀಳುತ್ತದೆ. ನಾವಿಬ್ಬರೂ ಕಂಡವರ ಮನೆಯ ಚಹಾ ಕುಡಿದು ಕುಡಿದೇ ಬಸುರಿಯರನ್ನು ಉಳಿಸಿದವರು. ಫೋನಿಗೆ ಯಾರು ಚಹಾ ಕೊಡುತ್ತಾರೆ?

ಹೋದ ವಾರ ವಿಜಯಪುರದಲ್ಲಿ ಸಭೆ ಇತ್ತು. ಮೇಲಿನಿಂದ ಬಂದ ಅಧಿಕಾರಿ ಗೋಡೆಯ ಮೇಲೆ ನಕ್ಷೆ ತೋರಿಸಿದರು. ನಮ್ಮ ಕಡೆಯೆಲ್ಲ ಹಸಿರೋ ಹಸಿರು. ನಾನು ಎದ್ದು ನಿಂತು ಒಬ್ಬ ಹುಡುಗಿಯ ಸಂಗತಿ ಹೇಳಿದೆ.

ಹುಡುಗಿ ಬಬಲೇಶ್ವರದ ಸೊಸೆ, ಬಿಜ್ಜರಗಿಯ ಮಗಳು. ತವರಿಗೆ ಹೋದಾಗ ಅಲ್ಲಿಯ ಸಿಸ್ಟರಿಗೆ ವರ್ಗವಾಗಿ ಕೇಂದ್ರಕ್ಕೆ ಬೀಗ ಬಿದ್ದಿತ್ತು. ಬಿ.ಪಿ. ಏರಿ ಮುಖ ಊದಿಕೊಂಡಿತು. ತವರಿನ ಊಟಕ್ಕೆ ಮೈ ತುಂಬಿದೆ ಅಂತ ಎಲ್ಲರೂ ದೃಷ್ಟಿ ತೆಗೆದರು. ಅತ್ತೆ ಬಂದು ನೋಡುತ್ತೇನೆ ಅಂದದ್ದಕ್ಕೆ ಬೀಗಿತಿ ಮುರಿಗೆವ್ವ, "ನಮ್ಮ ಮಗಳನ್ನ ನೋಡ್ಕೊಳ್ಳಾಕ ನಮಗ ಬರೂದಿಲ್ಲೇನ್ರಿ? ಆರಾಮ ಅದಾಳ್ರಿ" ಅಂದಳು. ಅಷ್ಟು ಕೇಳಿದ ಮೇಲೂ ಬೀಗರ ಹೊಸ್ತಿಲು ತುಳಿದರೆ ಅವರ ಮರ್ಯಾದೆ ಕಳೆದಂತೆ. ಮುರಿಗೆವ್ವ ಅಳಿಯನಿಗೂ ಆರಾಮ ಅಂದಳು, ಅಳಿಯ ಫೋನಿಗೆ ಆರಾಮ ಅಂದ, ಹಸಿರು ಬಿತ್ತು. ತಲೆನೋವೆಂದು ಮಲಗಿದ ಹುಡುಗಿಗೆ ಫಿಟ್ಸ್ ಬಂದಾಗ ದ್ರಾಕ್ಷಿ ತೋಟದ ಟೆಂಪೋದಲ್ಲಿ ಹಾಕಿಕೊಂಡು ಓಡಿದರು. ತಿಕೋಟಾ ದಾಟುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಮಗುವೂ ಉಳಿಯಲಿಲ್ಲ.

ಅಧಿಕಾರಿ ಕೆಟ್ಟವರಲ್ಲ. "ಬಹಳ ಬೇಸರದ ವಿಷಯ ಸಿಸ್ಟರ್. ಆದರೆ ಬಿಜ್ಜರಗಿಯಲ್ಲಿ ಅಂಥ ನೋಂದಣಿಯೇ ಇಲ್ಲ, ಬಬಲೇಶ್ವರದಲ್ಲಿ ಎಲ್ಲ ಹಸಿರಿದೆ. ಒಂದು ಪ್ರಕರಣಕ್ಕೆ ನಿಯಮ ಬದಲಿಸೋಕಾಗುತ್ತಾ?" ಅಂದರು. ಪಕ್ಕದಲ್ಲಿದ್ದ ಘೋಣಸಗಿಯ ಸಿಸ್ಟರ್ ಸುರೈಯಾ ನನ್ನ ಸೆರಗು ಜಗ್ಗಿ, "ಕೂಡ್ರಬೇ ಅಕ್ಕಾ, ಸಾಕು" ಅಂದಳು.

ಈಗ ಆ ಸುರೈಯಾಳಿಗೂ ವರ್ಗದ ಆದೇಶ ಬಂದಿದೆ. ಘೋಣಸಗಿಗೆ ತವರಿಗೆಂದು ಬಂದ ಬಸುರಿಯರಿದ್ದಾರೆ. ಅವರಲ್ಲಿ ಒಬ್ಬಳ ಕೈ ಊದಿ ಬಳೆಗಳು ಬಿಗಿಯಾಗುತ್ತಿವೆಯಂತೆ. ಮನೆಯವರು ಆರಾಮ ಅದಾಳ ಅನ್ನುತ್ತಿದ್ದಾರಂತೆ. ಸುರೈಯಾ ಹೋದ ಮೇಲೆ ಆ ಕೈ ಹಿಡಿದು ನೋಡುವವರು ಯಾರು? 

ಸಮಿತಿಯಲ್ಲಿ ಜಗಳ ಮಾಡು ನಂದಾ. ಬಸುರಿ ಎಲ್ಲಿ ಮಲಗಿ ಏಳುತ್ತಾಳೋ ಅಲ್ಲಿ ಸಿಸ್ಟರ್ ಇರಬೇಕು ಅಂತ ಬರೆಸು. ಬರೆಯದಿದ್ದರೆ ಸಹಿ ಹಾಕಬೇಡ. ನಿನ್ನನ್ನು ಕೈಮುಗಿದು ಕೇಳುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ನೂರು ವರ್ಷ ಬಾಳಲಿ ಕೂಸು.

ನಿನ್ನ
ರೇಣುಕಾ

ತಾ.ಕ.: ಅಜ್ಜಿಯಾದೆಯಾ, ತೊಟ್ಟಿಲಿಗೆ ಕರೆಯಲೇ ಇಲ್ಲವಲ್ಲ ಅಂತ ಕೇಳಿದ್ದೀಯ. ಸಭೆಯಲ್ಲಿ ನಾನು ಹೇಳಿದ ಹುಡುಗಿ ನಮ್ಮ ಲಕ್ಷ್ಮಿ. ನನ್ನ ಸಂಗುವಿನ ಹೆಂಡತಿ. ಸ್ವಂತ ಸೊಸೆಯೆಂದರೆ ದುಃಖಕ್ಕೆ ಮಾತಾಡುತ್ತಿದ್ದಾಳೆ ಅಂತ ತಳ್ಳಿಹಾಕುತ್ತಾರೆಂದು ಅಲ್ಲಿ ಹೆಸರು ಹೇಳಲಿಲ್ಲ. ಈ ಪತ್ರದ ಮೊದಲ ಸಾಲಿನಲ್ಲಿ ನಾನೂ ಆರಾಮ ಅಂತಲೇ ಬರೆದಿದ್ದೇನೆ ನೋಡು. ತೀರಿಕೊಂಡವಳ ಹೆಸರು ತೆಗೆಯಲು, ಕೊನೆಗೆ ಇದ್ದ ಊರೆಂದು, ಬಿಜ್ಜರಗಿಯ ಸಿಸ್ಟರೇ ವರದಿ ಕೊಡಬೇಕಂತೆ, ಅಲ್ಲಿ ಸಿಸ್ಟರೇ ಇಲ್ಲ. ಹಾಗಾಗಿ ಫೋನು ಇನ್ನೂ ಬರುತ್ತಿದೆ. ಇವತ್ತು ಸಂಗು ಎತ್ತಿದ. ಲಕ್ಷ್ಮಿಯವರು ಹೇಗಿದ್ದಾರೆ ಅಂತ ಬೆಂಗಳೂರಿನಿಂದ ಫೋನು ಮಾಡಿದ ಹುಡುಗಿ ಕೇಳಿದಳು. ನಾನು ಕಸಿದುಕೊಳ್ಳುವಷ್ಟರಲ್ಲಿ, ರೂಢಿಯ ಬಾಯಿ, "ಆರಾಮ ಅದಾಳ್ರಿ" ಅಂದುಬಿಟ್ಟ. ಆಮೇಲೆ ಫೋನು ಹಿಡಿದುಕೊಂಡೇ ನನ್ನ ಮುಖ ನೋಡುತ್ತ ನಿಂತ.