ಸರ್ವೇಯರ್ ಬರುವ ತನಕ

ಶಾಲೆಯ ಕಟ್ಟಡ, ಮೇಲಿನ ರಸ್ತೆ
ಮಂಗಳವಾರ, ೧೪ನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದರಾ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಒಂದು ಸಲ ಹೇಳಿದರೆ ನೀವು ಎರಡು ಸಲ ಹತ್ತಿ ತೋರಿಸುವವರು ಅಂತ ನನಗೆ ಗೊತ್ತು. ನಾದಿನಿ ಹೇಳಿದ ಹಾಗೆ ಕೇಳಿ. ಊರಿನ ಸುದ್ದಿ ನಿಮಗೆ ಮುಟ್ಟಿಯೇ ಇರುತ್ತದೆ, ಗಾಬರಿಯಾಗಿರುತ್ತೀರಿ. ಟವರ್ ಬಿದ್ದಿರುವುದರಿಂದ ಫೋನಿಲ್ಲ. ಹಾಲಿನ ವ್ಯಾನಿನವನು ಹಿಂದಿನ ಗುಡ್ಡದ ಕಚ್ಚಾ ರಸ್ತೆಯಲ್ಲಿ ಎರಡು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಾನೆ, ಅವನ ಕೈಯಲ್ಲಿ ಈ ಕಾಗದ. ನಾನೂ ನಿಮ್ಮ ಮೊಮ್ಮಗಳೂ ಚೆನ್ನಾಗಿದ್ದೇವೆ. ನಮ್ಮನ್ನು ಮೂರನೇ ಕ್ಲಾಸಿನ ಕೋಣೆಯಲ್ಲಿ ಇಟ್ಟಿದ್ದಾರೆ, ಬೆಂಚುಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತೇವೆ. ಐದನೇ ಕ್ಲಾಸಿನವಳಾದ ಅವಳು, ನನ್ನನ್ನು ಎರಡು ಕ್ಲಾಸು ಹಿಂದಕ್ಕೆ ಹಾಕಿದ್ದಾರೆ, ಜೊತೆಗೆ ಅಮ್ಮನನ್ನೂ ಸೇರಿಸಿದ್ದಾರೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ನಗಿಸುತ್ತಿದ್ದಾಳೆ. ನಗಿಸಿ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾಳೆ.

ನಿಮ್ಮ ಮಗನೂ ಗಟ್ಟಿಯಾಗಿದ್ದಾರೆ ಅತ್ತೆ. ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಅವರು ನಮ್ಮ ಜೊತೆ ಇಲ್ಲ. ಕೆಳಗೆ ಬೇಕರಿಯಲ್ಲಿ ಕೂತಿದ್ದಾರೆ, ಎದ್ದು ಬರುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಗುರುವಾರ ಬೆಳಿಗ್ಗೆ ಮೊದಲ ಸುತ್ತಿನ ಬ್ರೆಡ್ ಭಟ್ಟಿಯೊಳಗಿತ್ತು. ಹಿಂದಿನ ಬಾಗಿಲ ಸಂದಿಯಿಂದ ನೀರು ಬಂತು, ನಾನು ಬಕೆಟ್ ಉರುಳಿರಬೇಕು ಅಂದುಕೊಂಡೆ. ಬಟ್ಟೆ ತರುವಷ್ಟರಲ್ಲಿ ಪಾದ ಮುಳುಗಿತ್ತು, ಹೊಳೆ ಉಕ್ಕಿತ್ತು. ಮಗಳನ್ನು ಎತ್ತಿಕೊಂಡು ಮೂವರೂ ಮೇಲಕ್ಕೆ ಓಡಿದೆವು. ಸಂಜೆಗೆ ನೀರು ಇಳಿಯಿತು, ಇಳಿಯುವಾಗ ಗುಡ್ಡದ ಮಣ್ಣನ್ನೆಲ್ಲ ನಮ್ಮ ಪಾಲಿಗೆ ಬಿಟ್ಟು ಹೋಯಿತು. ನೀವು ಎದುರಿಗೆ ನಿಂತು ಕಟ್ಟಿಸಿದ ಭಟ್ಟಿಯ ಬಾಯಿ ತನಕ ಕೆಸರು. ಹಿಟ್ಟು ನಾದುವ ಮೆಷಿನ್ ಮಗುಚಿ ಬಿದ್ದಿದೆ. ಮೈದಾ ಮೂಟೆಗಳು ನೀರು ಕುಡಿದು ಒಡೆದು, ಕೆಸರಿನ ಜೊತೆ ಸೇರಿ ಹುಳಿ ಬಂದಿವೆ, ರಸ್ತೆಯ ತಿರುವಿಗೇ ವಾಸನೆ ಹೊಡೆಯುತ್ತದೆ. ಅಷ್ಟೇ ಆಗಿದ್ದರೆ ನಾನು ಹೀಗೆ ಬರೆಯುತ್ತಿರಲಿಲ್ಲ. ಕೆಸರು ಎತ್ತಿ ಹಾಕಿ ಮತ್ತೆ ಶುರು ಮಾಡುವುದು ನಮಗೇನು ಹೊಸದಲ್ಲ.

ಈಗಿನ ಭಯ ಬೇರೆ. ಶುಕ್ರವಾರದಿಂದ ಹೊಳೆಯಲ್ಲಿ ನೀರೇ ಇಲ್ಲ. ಕಲ್ಲುಗಳೆಲ್ಲ ಕಾಣುತ್ತಿವೆ, ಸದ್ದಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಸದ್ದು ಕಿವಿಯಲ್ಲಿದೆ, ಈಗ ಇಲ್ಲದೆ ನಿದ್ದೆ ಹತ್ತುವುದಿಲ್ಲ. ಕೆಲವರು ಬದುಕಿದೆವು ಅಂದರು. ಆಮೇಲೆ ನೀರಾವರಿ ಇಲಾಖೆಯ ಇಂಜಿನಿಯರಮ್ಮ ಬಂದು ಬೋರ್ಡಿನ ಮೇಲೆ ಚಿತ್ರ ಬರೆದು ತಿಳಿಸಿದರು. ಮೇಲೆ ಕಣಿವೆ ಕಿರಿದಾಗುವಲ್ಲಿ ಗುಡ್ಡದ ಒಂದು ಮಗ್ಗುಲು ಕುಸಿದು ಹೊಳೆಗೆ ಅಡ್ಡ ಬಿದ್ದಿದೆಯಂತೆ. ಅದರ ಹಿಂದೆ ನೀರು ಕೆರೆಯಾಗಿ ಏರುತ್ತಿದೆ. ಬರೀ ಸಡಿಲ ಮಣ್ಣಿನ ಕಟ್ಟೆ, ಇವತ್ತೂ ಒಡೆಯಬಹುದು, ನಾಲ್ಕು ದಿನ ಬಿಟ್ಟೂ ಒಡೆಯಬಹುದು. ಒಡೆದರೆ ನೀರು ನಮ್ಮ ಬೇಕರಿ ಮುಟ್ಟಲು ಹತ್ತು ನಿಮಿಷ. ಬೇಕರಿಯಿಂದ ಈ ಶಾಲೆಗೆ ಹತ್ತಲು, ಕೆಸರಿನಲ್ಲಿ, ಇಪ್ಪತ್ತು ನಿಮಿಷ. ನಾನು ಮೂರು ಸಲ ಗಡಿಯಾರ ಹಿಡಿದು ಹತ್ತಿ ನೋಡಿದ್ದೇನೆ. ಇಪ್ಪತ್ತಕ್ಕೆ ಕಡಿಮೆ ಆಗುವುದೇ ಇಲ್ಲ.

ಇಷ್ಟು ತಿಳಿದೂ ಅವರು ಯಾಕೆ ಕೂತಿದ್ದಾರೆ ಅಂತ ಕೇಳುತ್ತೀರಿ. ವಿಮೆ ಕಂಪನಿಯವರು ಕೊಟ್ಟಿದ್ದ ಪುಸ್ತಿಕೆ ನೆನಪಿದೆಯಾ, ನೀಲಿ ರಟ್ಟಿನದು? ಅದರ ಒಂಬತ್ತನೇ ನಿಯಮದಲ್ಲಿ, ಕಂಪನಿಯ ಸರ್ವೇಯರ್ ಬಂದು ನಷ್ಟ ನೋಡುವ ತನಕ ಹಾಳಾದ ಸಾಮಾನು ಕದಲಿಸಬಾರದು, ಜಾಗ ಕಾಯುವುದು ಪಾಲಿಸಿದಾರರ ಹೊಣೆ ಅಂತ ಅಚ್ಚು ಹಾಕಿದ್ದಾರೆ. ಅಚ್ಚಾದ ಮಾತು ಅಂದರೆ ನಿಮ್ಮ ಮಗನಿಗೆ ಹೇಗೆ ಅಂತ ನಿಮಗೆ ಹೇಳಬೇಕಾ? ಈಸ್ಟನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಮನುಷ್ಯ, ಉಪ್ಪಿನ ಚಮಚವನ್ನು ಚಾಕುವಿನ ಬೆನ್ನಲ್ಲಿ ಸಮ ಮಾಡುವವರು. ಗೋಡೆಯ ಮೇಲೆ ನೀರು ನಿಂತ ಗೆರೆಗೆ ಸೀಮೆಸುಣ್ಣ ಎಳೆದಿದ್ದಾರೆ. ಮೆಷಿನ್ ಬಿದ್ದಿರುವಲ್ಲೇ ಅದರ ಸುತ್ತ ಗುರುತು ಹಾಕಿದ್ದಾರೆ. ಕೊಳೆತ ಮೂಟೆಗೂ ಒಂದೊಂದು ಚೀಟಿ. ಭಟ್ಟಿಯ ಮೇಲಿನ ಅಟ್ಟದಲ್ಲಿ ಮಲಗುತ್ತಾರೆ, ನಾನು ಒಯ್ದು ಕೊಟ್ಟ ಅನ್ನ ತಿನ್ನುತ್ತಾರೆ. ಪೊಲೀಸರು ಎರಡು ಸಲ ಹೋದರು. ಅವರಿಗೂ ಇವರು ಒಂಬತ್ತನೇ ನಿಯಮ ಓದಿ ಹೇಳಿದರಂತೆ. ಪೊಲೀಸರು ತಲೆ ಚಚ್ಚಿಕೊಂಡು, ನಿಮ್ಮ ಹಣೆಬರಹ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದರು. ಊರಿಗೆಲ್ಲ ಒಂದು ದಾರಿಯಾದರೆ ಇವರಿಗೇ ಒಂದು ದಾರಿ.

ನಾನು ಅತ್ತೆ, ಬೈದೆ. ಕಾಲು ಹಿಡಿದೆ. ಮಗಳನ್ನು ಕರೆದುಕೊಂಡು ಹೋದೆ, ಅದು ತಪ್ಪು ಅಂತ ಗೊತ್ತಿದ್ದೂ ಹೋದೆ. ಅವಳು ಅವರ ಬನಿಯನ್ ಹಿಡಿದು ಎಳೆದಳು. ಅವರು ಅವಳ ತಲೆ ಸವರಿ, "ಸರ್ವೇಯರ್ ಒಂದು ಸಲ ಬಂದು ಬರಕೊಂಡು ಹೋಗ್ಲಿ ಪುಟ್ಟಿ, ಆಮೇಲೆ ಒಂದು ನಿಮಿಷ ಇಲ್ಲಿರಲ್ಲ. ನಿನ್ನ ಅಜ್ಜಿ ಕಟ್ಟಿದ್ದನ್ನ ನಾನು ಸುಮ್ನೆ ಬಿಟ್ಟು ಬಂದ್ರೆ ನಾಳೆ ನಾವೆಲ್ಲ ಎಲ್ಲಿ ನಿಲ್ಲೋದು?" ಅಂದರು. ಕೋಪವಿಲ್ಲ, ಹಟದ ದನಿಯೂ ಅಲ್ಲ. ಮಗಳ ಕೈ ಹಿಡಿದುಕೊಂಡು ವಾಪಸ್ ಹತ್ತಿ ಬಂದೆ. ನಾವು ಮೂರು ವರ್ಷದಿಂದ ಜಗಳ ಆಡುತ್ತಿದ್ದದ್ದು ನಿಮಗೆ ಗೊತ್ತೇ ಇದೆ. ಪ್ರವಾಹದ ಹೊಸ ನಕಾಶೆಯಲ್ಲಿ ನಮ್ಮ ಬೀದಿಗೆ ಅಪಾಯದ ಕೆಂಪು ಬಳಿದಾಗಿನಿಂದ ನಾನು ಬಸ್ ಸ್ಟ್ಯಾಂಡ್ ಹತ್ತಿರದ ಖಾಲಿ ಅಂಗಡಿಗೆ ಹೋಗೋಣ ಅನ್ನುತ್ತಿದ್ದೆ, ಅವರು ವಿಮೆ ಇದೆಯಲ್ಲ ಅನ್ನುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಅಂತ ನೀವೇ ನಗುತ್ತಿದ್ದಿರಿ. ಯಾರು ಎತ್ತು, ಯಾರು ಕೋಣ ಅಂತ ಮಾತ್ರ ಕೊನೆಗೂ ಹೇಳಲಿಲ್ಲ, ಜಾಣೆ ನೀವು.

ಈಗ ನಗು ಬರುವುದಿಲ್ಲ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಕಟ್ಟೆ ಒಡೆಯಿತು ಅಂತ ಎದ್ದು ಕಿಟಕಿಗೆ ಓಡುತ್ತೇನೆ. ಇಲ್ಲಿಂದ ನಮ್ಮ ಚಿಮಣಿ ಕಾಣುತ್ತದೆ. ಅದು ಇದೆ ಅಂತ ನೋಡಿ ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ. ಅವರು ಯಾರ ಮಾತಾದರೂ ಕೇಳಿದರೆ ನಿಮ್ಮದೇ. ದಯವಿಟ್ಟು ನಿಮ್ಮ ಕೈಬರಹದಲ್ಲಿ ಒಂದು ಸಾಲು ಬರೆದು ವ್ಯಾನಿನವನ ಕೈಯಲ್ಲಿ ಕಳಿಸಿ. ಭಟ್ಟಿ ಹೋದರೆ ಹೋಗಲಿ, ಮೇಲೆ ಬಾ ಅಂತ. ನೀವು ಅಮ್ಮ, ನೀವು ಬೈದರೆ ಅವರಿಗೆ ಅದೂ ಅಚ್ಚಾದ ಮಾತೇ.

ನಾದಿನಿಗೂ ಅವರ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿ. ಮೊಮ್ಮಗಳು ನಿಮ್ಮ ಮಂಡಿಗೆ ಒಂದು ಮುತ್ತು ಅಂತ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ, ಈ ಹೊತ್ತು ಕೆಳಗೆ ಕೂತವರ ಮೇಲೆ ಸ್ವಲ್ಪ ಹೆಚ್ಚಿರಲಿ.

ನಿಮ್ಮ ಸೊಸೆ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ವ್ಯಾನಿನವನು ಹಾರ್ನ್ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸರ್ವೇಯರ್ ಬರುವುದಿಲ್ಲ ಅತ್ತೆ. ವಿಮೆಯೇ ಇಲ್ಲ. ಈ ವರ್ಷದ ನವೀಕರಣದ ಅರ್ಜಿ ತುಂಬಿ, ಸಹಿ ಹಾಕಿ, ಅವರು ನನ್ನ ಕೈಗೇ ಕೊಟ್ಟಿದ್ದರು. ನಾನು ಕಳಿಸಲಿಲ್ಲ. ಮರೆವಲ್ಲ, ಬೇಕಂತಲೇ. ವಿಮೆ ಇಲ್ಲ ಅಂತಾದರೆ ಹೆದರಿ ಹೊಳೆ ಬಿಟ್ಟು ಮೇಲೆ ಬರುತ್ತಾರೆ ಅಂದುಕೊಂಡೆ. ಮಳೆಗಾಲಕ್ಕೆ ಮುಂಚೆ ಒಳ್ಳೆಯ ಹೊತ್ತು ನೋಡಿ ಹೇಳೋಣ ಅಂತ ದಿನ ತಳ್ಳಿದೆ. ಗುರುವಾರ ಅವರು ಕೇಳಿದಾಗ, ಪೊಲೀಸರ ವೈರ್‌ಲೆಸ್ಸಿನಲ್ಲಿ ಕಂಪನಿಗೆ ಹೇಳಿಸಿದ್ದೇನೆ, ಬರುತ್ತಾರಂತೆ ಅಂತ ಇನ್ನೊಂದು ಸುಳ್ಳು ಹೇಳಿದೆ. ಅವತ್ತಿನಿಂದ ಬಾಯಿ ತೆರೆದಾಗಲೆಲ್ಲ, "ನೀನು ಹೊತ್ತಿಗೆ ಸರಿಯಾಗಿ ಅರ್ಜಿ ಕಳಿಸಿದ್ದಕ್ಕೆ ನಾವು ಬದುಕಿದ್ವಿ" ಅನ್ನುತ್ತಾರೆ. ಅವರು ಅಲ್ಲಿ ಕಾಯುತ್ತಿರುವುದು ಇಲ್ಲದ್ದನ್ನು. ನಿಮ್ಮ ಸಾಲು ಬರಲು ಎರಡು ದಿನ ಬೇಕು, ಅಷ್ಟು ಕಾಯುವುದು ನನ್ನಿಂದಾಗದು. ಮಗಳನ್ನು ಟೀಚರ ಹತ್ತಿರ ಬಿಟ್ಟು ಈಗಲೇ ಇಳಿದು ಹೋಗಿ ಹೇಳಿಬಿಡುತ್ತೇನೆ. ಕಾಯಲು ಏನೂ ಇಲ್ಲ ಅಂತ ಗೊತ್ತಾದರೆ ಎದ್ದು ಬರುತ್ತಾರೆ. ನನ್ನ ಜೊತೆ ಮಾತು ಬಿಡಲಿ, ಜನ್ಮಕ್ಕೆ ಬಿಡಲಿ, ಮೇಲೆ ಬಂದರೆ ಸಾಕು. ನೀವು ಮಾತ್ರ ಈ ಕಾಗದ ಓದಿ ಹರಿದುಹಾಕಿ. ಮುಂದೆ ಅವರು ಕೇಳಿದರೆ ನಿಮಗೇನೂ ಗೊತ್ತಿರಲಿಲ್ಲ ಅಂತ ಹೇಳಿ. ನಂಬುವುದಕ್ಕೆ ಅವರಿಗೆ ಮನೆಯಲ್ಲಿ ಒಬ್ಬರಾದರೂ ಉಳಿಯಲಿ.