ಇನ್ನೊಂದು ಕಿವಿ

ನವೆಂಬರ್ ೧೨, ಬುಧವಾರ

ಬೆಳಿಗ್ಗೆ ಸಹಪಾಠಿ ಬೊಗ್ಯಂಗ್ ಅಕ್ಕ ತುಟಿಗೆ ಬಣ್ಣ ಹಚ್ಚಿಕೊಂಡು ನಮ್ಮ ವಾಕ್‌ಚಿಕಿತ್ಸೆಯ ತರಗತಿಗೆ ಬಂದಿದ್ದಳು. ಗಮನಿಸಿದೆ, ಯಾಕೆಂದು ಯೋಚಿಸಲಿಲ್ಲ.

ತಮ್ಮ ಕ್ಯುಜಿನ್ ಎಷ್ಟು ಸಲ ಉಗ್ಗುತ್ತಾನೆಂದು ನಾನೊಬ್ಬಳೇ ಎಣಿಸಿದರೆ ಸಾಲದು, ಇನ್ನೊಂದು ಕಿವಿಯೂ ಎಣಿಸಬೇಕು. ಅದಕ್ಕೇ ಅವನ ಮಾತಿನ ರೆಕಾರ್ಡಿಂಗನ್ನು ಅವಳಿಗೆ ಕೊಟ್ಟಿದ್ದೆ. ಅವನು ಒಪ್ಪಿದ್ದೂ ಅವಳೊಬ್ಬಳಿಗೆ ಮಾತ್ರ. ಇವತ್ತು ಅವಳು ಅದನ್ನು ಇಡೀ ತರಗತಿಗೆ ಕೇಳಿಸಿ ತನ್ನ ಸೆಮಿನಾರ್ ಮುಗಿಸಿದಳು. ಅಂಗಡಿಯಲ್ಲಿ ಬೇಕಾದ ತಿಂಡಿ ಟೊಕ್‌ಬೊಕ್ಕಿಯ ಹೆಸರು ಹೇಳಲಾಗದೆ ದಿನವೂ ಕಿಂಬಾಪ್ ತಿಂದು ಬರುತ್ತೇನೆ ಎಂದು ಅವನು ಹೇಳುವಲ್ಲಿ ನಾಲ್ಕೈದು ಜನ ನಕ್ಕರು. ಸಾಹಿತ್ಯದ ಪದವಿ ಮುಗಿಸಿದ ನಾನು ಮತ್ತೆ ಈ ಪದವಿಗೆ ಸೇರಿದ್ದೇ ಅವನಿಗಾಗಿ. ಆದರೂ ನಾನು ಬಾಯಿ ತೆರೆಯಲಿಲ್ಲ.

ಹೊರಗೆ ಬಂದ ಮೇಲೆ ಯಾಕೆ ಹೀಗೆ ಮಾಡಿದೆ ಎಂದು ಅವಳನ್ನು ಕೇಳಿದೆ.

"ಹೆಸರು ಹೇಳಿಲ್ವಲ್ಲೇ! ಮೇಷ್ಟ್ರು ಎಷ್ಟು ಹೊಗಳಿದ್ರು ನೋಡಿದ್ಯಾ? ಕಥೆ ಓದಿ ಓದಿ ನಿಂಗೆ ಎಲ್ಲದಕ್ಕೂ ಅಳು," ಎಂದು ಕಾಫಿ ಕೊಡಿಸಿದಳು. ಕುಡಿದೆ. ಅದೇ ಈಗ ಹೆಚ್ಚು ಉರಿಯುತ್ತಿದೆ.

ಊಟಕ್ಕೆ ಕೂತಾಗ ಕ್ಯುಜಿನ್ ಕೇಳಿದ: "ಅಕ್ಕಾ, ನ-ನನ್ನ ಲೆಕ್ಕ ಆಯ್ತಾ? ಪಾಸಾ, ಫೇಲಾ?"

ಅನ್ನ ಬಡಿಸುವ ನೆಪದಲ್ಲಿ ಎದ್ದೆ.

ನಾಳೆ ನಾನೇ ಹೇಳುತ್ತೇನೆ. ಅವನು ಬೈಯಲಿ. ಒಂದೊಂದು ಮಾತಿಗೂ ಎಷ್ಟೇ ಹೊತ್ತಾಗಲಿ, ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳುತ್ತೇನೆ.